ಕೊಟ್ಟಿಗೆಯ ಬಳಿ ಮಕ್ಕಳು

ಗುಡೇಕೋಟೆಯ ಕರಡಿಗೆ ಹೆದರುವಷ್ಟು ನಾವು ನಮ್ಮ ಕೊಟ್ಟಿಗೆಯ ಎತ್ತಿಗೆ ಹೆದರುವುದಿಲ್ಲ. ಸಾಕಿದ ಪ್ರಾಣಿ ಎಂಬ ಸಲುಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಮಕ್ಕಳು ದನ, ಕುರಿ, ನಾಯಿಗಳ ನಡುವೆಯೇ ಬೆಳೆಯುತ್ತಾರೆ. ಅದು ಒಳ್ಳೆಯದೇ. ಆದರೆ ಪಾಲಕರು ಕೆಲವು ಸಂಗತಿಗಳನ್ನು ತಿಳಿದಿರಬೇಕು.

ದನಕ್ಕೆ ಎರಡೂ ಪಕ್ಕ ಚೆನ್ನಾಗಿ ಕಾಣುತ್ತದೆ, ನೇರ ಹಿಂದೆ ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಬಂದ ಮಗು ಬಾಲ ಹಿಡಿದರೆ ಅದು ಬೆದರಿ ಒದೆಯುತ್ತದೆ. ಪಕ್ಕದಿಂದ, ಮಾತಾಡಿಸುತ್ತಾ ಹತ್ತಿರ ಹೋಗಲು ಕಲಿಸಿರಿ. ಆಗತಾನೆ ಈದ ಆಕಳು ಎಷ್ಟೇ ಸಾಧುವಾದರೂ ಕರುವಿನ ಹತ್ತಿರ ಬಂದವರನ್ನು ಹಾಯಬಹುದು. ಮೇಯಿಸಲು ಹೋಗುವ ಹುಡುಗರು ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾರೆ. ಲಾರಿಯ ಹಾರ್ನಿಗೆ ದನ ಬೆದರಿ ಓಡಿದರೆ ಹಗ್ಗ ಬಿಗಿದು ಹುಡುಗನನ್ನೇ ಎಳೆದೊಯ್ಯುತ್ತದೆ. ಹಗ್ಗವನ್ನು ಹಿಡಿಯಬೇಕು, ಸುತ್ತಬಾರದು. ಭಾರತ ಹುಣ್ಣಿಮೆಗೆ ಮೈಲಾರಕ್ಕೆ ಬಂಡಿ ಕಟ್ಟುವವರು ಮಕ್ಕಳನ್ನು ಮೂಕಿಯ ಮೇಲೆ ಕೂರಿಸಬೇಡಿ.

ಕುರಿಹಟ್ಟಿಯ ನಾಯಿಯ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಕುರಿ ಕೊಯ್ದಾಗ ಗುಳ್ಳೆಯೆದ್ದ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವುದುಂಟು. ನೀರು ತುಂಬಿದ ಆ ಗುಳ್ಳೆಗಳಲ್ಲಿ ಒಂದು ಜಾತಿಯ ಲಾಡಿಹುಳುವಿನ ಮರಿಗಳಿರುತ್ತವೆ. ಅವು ನಾಯಿಯ ಕರುಳಿನಲ್ಲಿ ಬೆಳೆಯುತ್ತವೆ. ಮೊಟ್ಟೆಗಳು ಮಲದೊಡನೆ ಹೊರಬಂದು ಕೂದಲಿಗೂ ಅಂಟುತ್ತವೆ. ನಾಯಿಯನ್ನು ಮುದ್ದಾಡಿದ ಮಗು ಕೈ ತೊಳೆಯದೆ ರೊಟ್ಟಿ ತಿಂದರೆ ಮೊಟ್ಟೆ ಹೊಟ್ಟೆ ಸೇರುತ್ತದೆ. ಅಂಥದೇ ಗುಳ್ಳೆ ಮಗುವಿನ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಸುಳಿವು ಕೊಡದೆ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಇದಕ್ಕೆ ಹೈಡಾಟಿಡ್ ರೋಗ ಎಂದು ಹೆಸರು. ಗುಳ್ಳೆಯಿರುವ ಭಾಗಗಳನ್ನು ಆಳವಾಗಿ ಹೂಳಿ, ಇಲ್ಲವೆ ಸುಡಿ. ನಾಯಿಗೆ ಪಶುವೈದ್ಯರಿಂದ ಲಾಡಿಹುಳುವಿನ ಮಾತ್ರೆ ಕೊಡಿಸಿ. ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಸಿ.

ಹಸಿ ಹಾಲು ಬೇಡ, ಕಾಯಿಸಿಯೇ ಕೊಡಿ. ಕಂದು ಹಾಕಿದ ಆಕಳು, ಕುರಿಗಳ ಮಾಸನ್ನು ಮಕ್ಕಳು ಮುಟ್ಟಬಾರದು. ಬಿಟ್ಟು ಬಿಟ್ಟು ಬರುವ ಬ್ರೂಸೆಲ್ಲಾ ಜ್ವರ ಹೀಗೆ ಅಂಟುತ್ತದೆ.

ನಾಯಿ ಕಚ್ಚಿದರೆ, ಮನೆಯ ನಾಯಿಯೇ ಆಗಿರಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಕಾಲ ಹೋಯಿತು. ಈಗ ತೋಳಿಗೆ, ಚಿಕ್ಕವರಿಗೆ ತೊಡೆಗೆ, ಕೆಲವೇ ಸಲ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಸಹ ಬೇಕು, ಕೇಳಿ ಹಾಕಿಸಿ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಸಿಕೊಳ್ಳುವ ಔಷಧವಿಲ್ಲ. ಬೈಸಿಕೊಳ್ಳುವ ಭಯಕ್ಕೆ ಮಕ್ಕಳು ಸಣ್ಣ ಗಾಯಗಳನ್ನು ಮುಚ್ಚಿಡುತ್ತಾರೆ. ಸ್ನಾನ ಮಾಡಿಸುವಾಗ ಕೈಕಾಲು ನೋಡಿ, ಬೈಯದೆ ಕೇಳಿ.