ನೆಲದಡಿಯ ಗೋದಾಮಿಗೆ ಎಷ್ಟು ಹಿಡಿಸೀತು?

‘ಭೂವಿಜ್ಞಾನ ಓದ್ತಿದ್ದೀಯಂತೆ, ನಮ್ಮ ಹೊಲದಲ್ಲಿ ಬೋರ್‌ವೆಲ್ ಪಾಯಿಂಟ್ ತೋರಿಸ್ತೀಯಾ?’ ಎಂ.ಎಸ್ಸಿ. ಸೇರಿದಾಗಿನಿಂದ ಊರಿನಲ್ಲಿ ನನಗೆ ಎದುರಾಗುವ ಪ್ರಶ್ನೆಯಿದು. ನೆಲದಿಂದ ನೀರು ತೆಗೆಯುವುದಷ್ಟೇ ಅಲ್ಲ, ನೆಲದೊಳಗೆ ಅನಿಲ ತುಂಬಿಡುವುದೂ ನಮ್ಮ ವಿಷಯವೇ ಎಂದರೆ ನಗುತ್ತಾರೆ.

ನಗುವ ಮಾತಲ್ಲ. ನಾರ್ವೆಯ ಸ್ಲೈಪ್ನರ್ ಯೋಜನೆಯಲ್ಲಿ 1996ರಿಂದಲೂ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡ್ ಅನ್ನು ಉತ್ತರ ಸಮುದ್ರದ ತಳದ ಮರಳುಗಲ್ಲಿಗೆ ಇಳಿಸುತ್ತಿದ್ದಾರೆ. ಹವಾಮಾನ ಬದಲಾವಣೆ ತಡೆಯಲು ಕಾರ್ಖಾನೆಗಳ ಹೊಗೆಗೂ ಇದೇ ದಾರಿ ಎನ್ನುವವರಿದ್ದಾರೆ. ಹಾಗಾದರೆ ನೆಲದಡಿ ಎಷ್ಟು ಹಿಡಿಸುತ್ತದೆ? ನಾನು ಈಗ ಕಲಿಯುತ್ತಿರುವುದು ಈ ಲೆಕ್ಕವನ್ನೇ.

ಕೊಡದ ತುಂಬ ಮರಳು ಹಾಕಿ ನೀರು ಸುರಿಯಿರಿ. ಕಣಗಳ ನಡುವಿನ ಸಂದಿಗಳಲ್ಲಿ ನೀರು ಇಳಿಯುತ್ತದೆ. ಆಳದ ಮರಳುಗಲ್ಲೂ ಹಾಗೆಯೇ. ಅಲ್ಲಿರುವುದು ಗುಹೆಯಲ್ಲ, ಸಣ್ಣ ಸಣ್ಣ ರಂಧ್ರಗಳು. ಸುಮಾರು 800 ಮೀಟರ್‌ಗಿಂತ ಕೆಳಗೆ ಒತ್ತಡ ಹೆಚ್ಚಿರುವುದರಿಂದ ಅನಿಲ ದ್ರವದಂತೆ ದಟ್ಟವಾಗುತ್ತದೆ, ಕಡಿಮೆ ಜಾಗ ಸಾಕಾಗುತ್ತದೆ.

ಒಂದು ಲೆಕ್ಕ ಮಾಡೋಣ. 100 ಚದರ ಕಿ.ಮೀ. ಹರಡಿದ, 50 ಮೀಟರ್ ದಪ್ಪದ ಮರಳುಗಲ್ಲಿನ ಪದರವಿದೆ, ಅದರಲ್ಲಿ ಶೇ 20ರಷ್ಟು ರಂಧ್ರ ಎಂದುಕೊಳ್ಳಿ. ಅಂದರೆ 100 ಕೋಟಿ ಘನ ಮೀಟರ್ ಜಾಗ. ಒಂದು ಘನ ಮೀಟರ್‌ಗೆ 700 ಕೆ.ಜಿ. ಹಿಡಿದರೂ 70 ಕೋಟಿ ಟನ್! 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ವರ್ಷಕ್ಕೆ ಸುಮಾರು 60 ಲಕ್ಷ ಟನ್ ಉಗುಳುತ್ತದೆ. ಇನ್ನು ನೂರು ವರ್ಷ ಚಿಂತೆಯಿಲ್ಲ ಅನ್ನಿಸುತ್ತದೆ.

ಆದರೆ ಆ ರಂಧ್ರಗಳು ಖಾಲಿ ಇಲ್ಲ, ಉಪ್ಪುನೀರು ತುಂಬಿಕೊಂಡಿದೆ. ಬೆಳಗಿನ ಕಾಲೇಜು ಬಸ್ಸಿನ ಹಾಗೆ, ಒಳಗಿರುವವರು ಸರಿದರಷ್ಟೇ ಹತ್ತಲು ಜಾಗ. ಮೇಲಾಗಿ ಈ ಅನಿಲ ಉಪ್ಪುನೀರಿಗಿಂತ ಹಗುರ. ಮೇಲೇರಿ, ಮುಚ್ಚಳದಂಥ ಬಿಗಿಯಾದ ಶಿಲೆಯ ಕೆಳಗೆ ತೆಳ್ಳಗೆ ಹರಡುತ್ತದೆ. ಪದರದ ಬಹುಭಾಗವನ್ನು ಮುಟ್ಟುವುದೇ ಇಲ್ಲ. ಬಲವಂತವಾಗಿ ತುರುಕಿದರೆ ಮುಚ್ಚಳವೇ ಬಿರುಕು ಬಿಡಬಹುದು. ಹೀಗಾಗಿ ಕೊನೆಯಲ್ಲಿ ‘ದಕ್ಷತೆಯ ಗುಣಾಂಕ’ದಿಂದ ಗುಣಿಸುತ್ತಾರೆ. ಇಂಥ ಪದರಗಳಿಗೆ ಅದು ಸಾಮಾನ್ಯವಾಗಿ ಶೇ 1ರಿಂದ 4. ಶೇ 2 ಎಂದಿಟ್ಟರೆ ನಮ್ಮ 70 ಕೋಟಿ ಟನ್ 1.4 ಕೋಟಿಗೆ ಇಳಿಯುತ್ತದೆ. ಅದೇ ಸ್ಥಾವರದ ಎರಡು ವರ್ಷದ ಹೊಗೆಗೆ ಸಾಕಾಗಬಹುದು, ಅಷ್ಟೇ.

ಇದು ಬರೀ ಪುಸ್ತಕದ ಮಾತಲ್ಲ. ನಾರ್ವೆಯದೇ ಸ್ನೋವಿಟ್ ಯೋಜನೆಯಲ್ಲಿ 2008ರಲ್ಲಿ ಅನಿಲ ಇಳಿಸಲು ಶುರುಮಾಡಿದಾಗ, ಒತ್ತಡ ಎಣಿಸಿದ್ದಕ್ಕಿಂತ ಬೇಗ ಏರಿತು. 2011ರಲ್ಲಿ ಬೇರೆಯೇ ಪದರ ಹುಡುಕಿಕೊಳ್ಳಬೇಕಾಯಿತು.

ಈಗ ನಮ್ಮ ದೇಶಕ್ಕೆ ಬನ್ನಿ. ಐಐಟಿ ಬಾಂಬೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ನೆಲದಡಿ 395ರಿಂದ 614 ಶತಕೋಟಿ ಟನ್ ಹಿಡಿಸಬಹುದು. ಕನಿಷ್ಠ, ಗರಿಷ್ಠಗಳ ನಡುವಿನ ಈ ದೊಡ್ಡ ಅಂತರ ಬಹುಪಾಲು ಒಂದೇ ಕಲ್ಲಿನದು. ಬಸಾಲ್ಟ್‌ನ ಪಾಲು 97ರಿಂದ 316 ಶತಕೋಟಿ ಟನ್! ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆ ನಾವು ದಿನವೂ ತುಳಿಯುವ ದಖ್ಖನ್ನಿನ ಕಪ್ಪು ಕಲ್ಲು ಇದೇ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಪ್ರಯೋಗದಲ್ಲಿ ನೀರಿನಲ್ಲಿ ಕರಗಿಸಿ ಬಸಾಲ್ಟ್‌ಗೆ ಇಳಿಸಿದ ಅನಿಲದ ಶೇ 95ಕ್ಕೂ ಹೆಚ್ಚು ಭಾಗ ಎರಡೇ ವರ್ಷದಲ್ಲಿ ಕಲ್ಲಾಯಿತು. ಆದರೆ ಅಲ್ಲಿ ಇಳಿಸಿದ್ದು ಕೆಲವು ನೂರು ಟನ್ ಮಾತ್ರ. ನಮ್ಮ ಕಲ್ಲು ಹೇಗೆ ವರ್ತಿಸುತ್ತದೆಂದು ತಿಳಿಯಲು ಕೊರೆದು ನೋಡಲೇಬೇಕು. ಅಲ್ಲಿಯವರೆಗೆ ಆ ಸಂಖ್ಯೆ ಕನ್ನಡಿಯೊಳಗಿನ ಗಂಟು. ಅದನ್ನೇ ನಂಬಿ ಹೊಸ ಸ್ಥಾವರ ಕಟ್ಟಿದರೆ, ಹೊಗೆಗೆ ಮತ್ತೆ ಆಕಾಶವೇ ಗತಿ.

ಭೂವಿಜ್ಞಾನ, ಭೂಭೌತವಿಜ್ಞಾನ, ಪೆಟ್ರೋಲಿಯಂ ಎಂಜಿನಿಯರಿಂಗ್, ರಸಾಯನವಿಜ್ಞಾನ ಓದುತ್ತಿರುವ ಗೆಳೆಯರೇ, ಇಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ. ಬೇರೆ ವಿಷಯ ಓದುವವರಿಗೂ ಒಂದು ಮಾತು: ಪತ್ರಿಕೆಯಲ್ಲಿ ಇಂಥ ದೊಡ್ಡ ಅಂಕಿ ಕಂಡಾಗ ‘ಶೇ ಎಷ್ಟು ತುಂಬುತ್ತದೆಂದು ಲೆಕ್ಕ ಹಾಕಿದ್ದೀರಿ?’ ಎಂದು ಕೇಳಿ. ಉತ್ತರವೆಲ್ಲ ಅಲ್ಲೇ ಇರುತ್ತದೆ.