ಹಿಟ್ಲರನ ಮನಸ್ಸನ್ನು ದೂರದಿಂದ ಓದಬಹುದೇ?

ಎರಡನೇ ಮಹಾಯುದ್ಧದ ಪಾಠ ಮುಗಿದ ದಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. "ಮಾಷ್ಟ್ರೇ, ಈ ಹಿಟ್ಲರಿಗೆ ತಲೆ ಸರಿ ಇರ್ಲಿಲ್ವಾ? ಸಣ್ಣದ್ರಲ್ಲಿ ಅಪ್ಪ ಹೊಡೀತಿದ್ದರಂತೆ, ಅದಕ್ಕೇ ಹಾಗಾದದ್ದಾ?" ಪ್ರಶ್ನೆ ಚಿಕ್ಕದು. ಆದರೆ ಯುದ್ಧ ನಡೆಯುತ್ತಿರುವಾಗಲೇ ಅಮೆರಿಕ ಸರ್ಕಾರವೂ ಹೆಚ್ಚುಕಡಿಮೆ ಇದನ್ನೇ ಕೇಳಿತ್ತು.

1943ರಲ್ಲಿ ಅಲ್ಲಿನ ಗುಪ್ತಚರ ಇಲಾಖೆ ವಾಲ್ಟರ್ ಲ್ಯಾಂಗರ್ ಎಂಬ ಮನೋವಿಶ್ಲೇಷಕನಿಗೆ ಒಂದು ಕೆಲಸ ಕೊಟ್ಟಿತು: ಹಿಟ್ಲರ್ ಎಂಥ ಮನುಷ್ಯ, ಸೋಲು ಹತ್ತಿರ ಬಂದಾಗ ಏನು ಮಾಡಿಯಾನು, ಹೇಳಿ ಅಂತ. ಮನೋವಿಶ್ಲೇಷಣೆ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ರೂಪಿಸಿದ ಪದ್ಧತಿ. ನಮಗೇ ಗೊತ್ತಿಲ್ಲದ ಆಸೆ, ಭಯ, ಸಿಟ್ಟುಗಳು ಮನಸ್ಸಿನ ಅಡಿಯಲ್ಲಿ ಅಡಗಿರುತ್ತವೆ, ಅವುಗಳ ಬೇರು ಬಾಲ್ಯದಲ್ಲಿರುತ್ತದೆ ಎಂಬುದು ಅದರ ತಿರುಳು. ರೋಗಿ ಮಂಚದ ಮೇಲೆ ಮಲಗಿ ತೋಚಿದ್ದೆಲ್ಲ ಹೇಳುತ್ತಾನೆ, ವೈದ್ಯ ಕೇಳುತ್ತಾನೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ.

ಹಿಟ್ಲರನನ್ನು ಮಂಚದ ಮೇಲೆ ಮಲಗಿಸುವವರು ಯಾರು? ಲ್ಯಾಂಗರನ ಕೈಯಲ್ಲಿದ್ದದ್ದು ಹಿಟ್ಲರನ ಆತ್ಮಕಥೆ, ಭಾಷಣಗಳು, ಅವನನ್ನು ಹತ್ತಿರದಿಂದ ಕಂಡವರ ಮಾತು, ಅಷ್ಟೆ. ಅದರಲ್ಲಿ ಗಾಳಿಮಾತೂ ಸಾಕಷ್ಟು ಸೇರಿಕೊಂಡಿತ್ತು. ಆದರೂ ವರದಿಯ ಒಂದು ಮಾತು ನಿಜವಾಯಿತು. ಹಿಟ್ಲರನ ಕೊನೆ ಹೇಗಾಗಬಹುದು ಎಂದು ಹಲವು ಸಾಧ್ಯತೆಗಳನ್ನು ಪಟ್ಟಿ ಮಾಡಿ, ಆತ್ಮಹತ್ಯೆಯೇ ಹೆಚ್ಚು ಸಂಭವ ಎಂದಿದ್ದ ಲ್ಯಾಂಗರ್. 1945ರ ಏಪ್ರಿಲ್ 30ರಂದು ಬರ್ಲಿನ್ನಿನ ನೆಲಮಾಳಿಗೆಯಲ್ಲಿ ಆದದ್ದೂ ಅದೇ.

ಹಾಗಾದರೆ ವಿದ್ಯೆ ಗೆದ್ದಿತೇ? ಸ್ವಲ್ಪ ತಡೆಯಿರಿ. 1923ರಲ್ಲಿ ತನ್ನ ದಂಗೆ ವಿಫಲವಾದಾಗಲೇ ಹಿಟ್ಲರ್ ಪಿಸ್ತೂಲು ಹಿಡಿದು ಸಾಯುವ ಮಾತಾಡಿದ್ದನೆಂದು ಅವನ ಪರಿಚಯದವರು ಹೇಳಿದ್ದರು. ಅಷ್ಟು ಗೊತ್ತಿದ್ದವರು ಫ್ರಾಯ್ಡನನ್ನು ಓದದೆಯೂ ಹಾಗೆ ಊಹಿಸಬಹುದಿತ್ತು.

ಇನ್ನೊಂದು ಸಂಗತಿ ನೋಡಿ, ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸುವುದು. ಹಿಟ್ಲರನ ತಾಯಿ ಕ್ಲಾರಾಗೆ ಸ್ತನ ಕ್ಯಾನ್ಸರ್ ಇತ್ತು. ಚಿಕಿತ್ಸೆ ಕೊಟ್ಟವರು ಲಿಂಜ್ ಊರಿನ ಯಹೂದಿ ವೈದ್ಯ ಎಡ್ವರ್ಡ್ ಬ್ಲಾಖ್. 1907ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಳು. ಆಗ ಮಗನಿಗೆ 18 ವರ್ಷ. ದುಃಖದಲ್ಲಿ ಅಷ್ಟು ಕುಸಿದವರನ್ನು ತಾನು ಕಂಡಿಲ್ಲ ಎಂದು ಬ್ಲಾಖ್ ಮುಂದೆ ನೆನಪಿಸಿಕೊಂಡರು. ನಂತರದ ಇತಿಹಾಸಕಾರರೊಬ್ಬರು, ರುಡಾಲ್ಫ್ ಬಿನಿಯನ್, ಇದಕ್ಕೆ ಹೀಗೆ ಅರ್ಥ ಹಚ್ಚಿದರು: ತಾಯಿಯ ಸಾವಿಗೆ ವೈದ್ಯನೇ ಕಾರಣ ಎಂದು ಸುಪ್ತಮನಸ್ಸು ದೂರಿತು, ಆ ದ್ವೇಷವೇ ಎಲ್ಲ ಯಹೂದಿಗಳ ಮೇಲೆ ತಿರುಗಿತು. ಆದರೆ ಹಿಟ್ಲರ್ ಬ್ಲಾಖ್‌ಗೆ ಕೃತಜ್ಞತೆಯ ಕಾರ್ಡು ಕಳಿಸಿದ್ದ. 1938ರಲ್ಲಿ ಆಸ್ಟ್ರಿಯಾವನ್ನು ನುಂಗಿದ ಮೇಲೂ ಆ ವೈದ್ಯರಿಗೆ ವಿಶೇಷ ರಕ್ಷಣೆ ಸಿಕ್ಕಿತು, 1940ರಲ್ಲಿ ಅವರು ಅಮೆರಿಕಕ್ಕೆ ವಲಸೆ ಹೊರಟರು. ಇದಕ್ಕೂ ಉತ್ತರ ಸಿದ್ಧ: ಮೇಲೆ ಕೃತಜ್ಞತೆ, ಒಳಗೆ ದ್ವೇಷ!

ಬ್ಲಾಖ್‌ರನ್ನು ಕೊಲ್ಲಿಸಿದ್ದರೆ? ಅದೂ ದ್ವೇಷಕ್ಕೇ ಸಾಕ್ಷಿಯಾಗುತ್ತಿತ್ತು. ವಿಯೆನ್ನಾದಲ್ಲೇ ಬೆಳೆದ ಕಾರ್ಲ್ ಪಾಪರ್ ಹಿಡಿದದ್ದು ಈ ತೊಡಕನ್ನೇ. ಒಬ್ಬ ಮಗುವನ್ನು ನೀರಿಗೆ ತಳ್ಳುತ್ತಾನೆ, ಇನ್ನೊಬ್ಬ ಪ್ರಾಣ ಕೊಟ್ಟು ಮಗುವನ್ನು ಉಳಿಸುತ್ತಾನೆ. ಫ್ರಾಯ್ಡನ ಸಿದ್ಧಾಂತ ಎರಡನ್ನೂ ಅಷ್ಟೇ ಸಲೀಸಾಗಿ ವಿವರಿಸುತ್ತದೆ. ಏನೇ ಆದರೂ ಸರಿ ಎನಿಸಿಕೊಳ್ಳುವ ಮಾತನ್ನು ಪರೀಕ್ಷಿಸುವುದು ಹೇಗೆ?

ತಂದೆಯ ಹೊಡೆತದ ವಿಷಯಕ್ಕೆ ಬರೋಣ. ಅಲೋಯಿಸ್ ಹಿಟ್ಲರ್ ಸುಂಕದ ಅಧಿಕಾರಿ, ಕಠಿಣ ಮನುಷ್ಯ, ಮಗನನ್ನು ಹೊಡೆಯುತ್ತಿದ್ದದ್ದು ಹೌದು. ಆದರೆ ಆ ಕಾಲದಲ್ಲಿ ಏಟು ತಿಂದ ಮಕ್ಕಳು ಲಕ್ಷಾಂತರ. ಇನ್ನೂ ಒಂದು ಲೆಕ್ಕ ಬರೆದುಕೊಳ್ಳಿ: 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದ ಮತ ಶೇ. 2.6, 1932ರ ಜುಲೈಯಲ್ಲಿ ಶೇ. 37.3. ಈ ನಾಲ್ಕು ವರ್ಷದಲ್ಲಿ ಹಿಟ್ಲರನ ಬಾಲ್ಯವೇನೂ ಬದಲಾಗಿರಲಿಲ್ಲ. ಬದಲಾದದ್ದು ಜರ್ಮನಿ. 1929ರ ಆರ್ಥಿಕ ಕುಸಿತದ ನಂತರ ಅಲ್ಲಿ ಸುಮಾರು 60 ಲಕ್ಷ ಜನ ಕೆಲಸವಿಲ್ಲದೆ ಕೂತಿದ್ದರು.

ದೂರದಿಂದ ರೋಗ ಹೇಳುವ ಚಟ ಅಮೆರಿಕದಲ್ಲಿ ಆಮೇಲೂ ನಿಲ್ಲಲಿಲ್ಲ. 1964ರಲ್ಲಿ ಅಧ್ಯಕ್ಷ ಪದವಿಗೆ ನಿಂತ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಯೋಗ್ಯರಲ್ಲ ಎಂದು 1,189 ಮನೋವೈದ್ಯರು ಪತ್ರಿಕೆಯೊಂದಕ್ಕೆ ಹೇಳಿದರು, ಅವರನ್ನು ಪರೀಕ್ಷಿಸದೆಯೇ! ಸ್ವತಃ ಪರೀಕ್ಷಿಸದವರ ಬಗ್ಗೆ ಹಾಗೆ ಅಭಿಪ್ರಾಯ ಕೊಡಬಾರದು ಎಂದು 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘವೇ ನಿಯಮ ಮಾಡಿತು.

ಹಾಗಂತ ಮನೋವಿಶ್ಲೇಷಣೆ ಪೂರಾ ಬರಿಗೈಯಲ್ಲಿ ಬಂತು ಅನ್ನಲಾರೆ. ಎರಿಕ್ ಫ್ರಾಮ್ ಎಂಬ ಮನೋವಿಶ್ಲೇಷಕ ನಾಯಕನನ್ನು ಬಿಟ್ಟು ಜನರನ್ನು ನೋಡಿದ. 1929ರಲ್ಲೇ, ಅಂದರೆ ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ, ಫ್ರಾಮ್ ಮತ್ತು ಸಂಗಡಿಗರು ಜರ್ಮನಿಯ ಕಾರ್ಮಿಕರಿಗೆ ಸುಮಾರು 3,300 ಪ್ರಶ್ನಾವಳಿ ಹಂಚಿದರು. ಸುಮಾರು 1,100 ಮರಳಿ ಬಂದವು. ಯಾವ ಪಕ್ಷಕ್ಕೆ ಮತ ಎಂದಷ್ಟೇ ಅಲ್ಲ, ಮನೆಯೊಳಗಿನ ಮಾತೂ ಅದರಲ್ಲಿತ್ತು. ಬಾಯಲ್ಲಿ ಸಮಾನತೆ ಹೇಳುವ ಹಲವರು ಮನೆಯಲ್ಲಿ ಹೇಳಿದ್ದು ಕೇಳಬೇಕು ಅನ್ನುವವರೇ ಎಂದು ಉತ್ತರಗಳಿಂದ ಕಂಡಿತು. ಅದರಲ್ಲಿ ಒಂದು ಪ್ರಶ್ನೆ ನಮ್ಮ ಹುಡುಗ ಕೇಳಿದ್ದಕ್ಕೆ ಬಹಳ ಹತ್ತಿರದ್ದು: ಹೊಡೆಯದೆ ಮಕ್ಕಳನ್ನು ಬೆಳೆಸಬಹುದು ಎಂದು ನಿಮಗೆ ಅನ್ನಿಸುತ್ತದೆಯೇ?