ಒಂದು ಬಾಡಿಗೆ, ಎರಡು ಕರ

‘ಕರ’ ಎಂಬ ಶಬ್ದಕ್ಕೆ ಕೈ ಎಂದೂ ತೆರಿಗೆ ಎಂದೂ ಅರ್ಥವುಂಟು. ಒಂದೇ ಮನೆಯ ಬಾಡಿಗೆಗೆ ಎರಡು ಸರ್ಕಾರಗಳು ಕೈ ನೀಡುವುದನ್ನು ಈಚೆಗೆ ರಾಜಾಜಿನಗರದ ನನ್ನ ಹಳೆಯ ಶಿಷ್ಯನೊಬ್ಬನ ವಿಷಯದಲ್ಲಿ ಕಂಡೆ. ಅಮೆರಿಕದಲ್ಲಿ ಬಹುಕಾಲ ದುಡಿದ ಆತ, ವೃದ್ಧ ತಂದೆತಾಯಿಗಳಿಗಾಗಿ ಊರಿಗೆ ಮರಳಿದ್ದಾನೆ. ಅಲ್ಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾನೆ. “ಅಲ್ಲಿ ತೆರಿಗೆ ಕಟ್ಟಿಯಾಯಿತಲ್ಲ ಮೇಷ್ಟ್ರೇ, ಇಲ್ಲಿ ಹೇಳುವುದೇನಿದೆ?” ಎಂದ. ಹೇಳಬೇಕಾದುದು ಇದೆ.

ಹೊರದೇಶದಲ್ಲಿ ನೆಲೆಸಿದ್ದಾಗ ಕೊಂಡ ಮನೆಯನ್ನು ಮರಳಿದ ಮೇಲೂ ಇಟ್ಟುಕೊಳ್ಳಲು 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆ ಸಮ್ಮತಿಸುತ್ತದೆ. ಪ್ರಶ್ನೆ ಬಾಡಿಗೆಯದು. ಮನೆ ಇರುವ ದೇಶವು ತೆರಿಗೆ ಹಾಕಬಹುದೆಂದು ಭಾರತ ಮತ್ತು ಅಮೆರಿಕ 1989ರಲ್ಲಿ ಸಹಿ ಮಾಡಿದ ಒಪ್ಪಂದ ಹೇಳುತ್ತದೆ. ಆದರೆ ಅದರಿಂದ ನಮ್ಮ ಸರ್ಕಾರದ ಹಕ್ಕು ಅಳಿಯುವುದಿಲ್ಲ.

ಆ ಹಕ್ಕು ಯಾವಾಗ ಆರಂಭವಾಗುತ್ತದೆ? ವರ್ಷದಲ್ಲಿ 182 ದಿನ ಇಲ್ಲಿದ್ದವರು ನಿವಾಸಿಗಳು. ಆದರೆ ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ ಕೊಂಚ ಬಿಡುವು ಉಂಟು. ಆಗ ಹೊರಗಿನ ಬಾಡಿಗೆಗೆ ಇಲ್ಲಿ ತೆರಿಗೆಯಿಲ್ಲ. ಹಣ ನೇರವಾಗಿ ಇಲ್ಲಿಯ ಬ್ಯಾಂಕಿಗೇ ಸಂದಾಯವಾದರೆ ಮಾತ್ರ ತೆರಿಗೆ ಬೀಳುತ್ತದೆ. ಬಿಡುವು ಮುಗಿದೊಡನೆ ಪ್ರಪಂಚದ ಯಾವ ಮೂಲೆಯ ಆದಾಯವಾದರೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ.

ಹಾಗಾದರೆ ಎರಡು ಸಲ ತೆರಬೇಕೆ? ಇಲ್ಲ. ಒಂದು ಕಲ್ಪಿತ ಲೆಕ್ಕ ನೋಡೋಣ. ಮನೆಗಂದಾಯ ಕಳೆದು ಬಾಡಿಗೆ 10 ಲಕ್ಷ ರೂಪಾಯಿ ಎನ್ನಿ. ನಮ್ಮ ಕಾಯಿದೆ ಅದರಲ್ಲಿ ನೂರಕ್ಕೆ 30ನ್ನು ರಿಪೇರಿ ಮುಂತಾದುವಕ್ಕೆಂದು ಬಿಡುತ್ತದೆ. ಉಳಿದ 7 ಲಕ್ಷಕ್ಕೆ ನೂರಕ್ಕೆ 20ರಂತೆ ತೆರಿಗೆ 1,40,000. ಅಮೆರಿಕದಲ್ಲಿ 90,000 ಕಟ್ಟಿದ್ದರೆ ಇಲ್ಲಿ ಉಳಿದ 50,000 ಕೊಟ್ಟರಾಯಿತು. ಅಲ್ಲಿ 1,60,000 ಕಟ್ಟಿದ್ದರೆ ಇಲ್ಲಿ ಏನೂ ಇಲ್ಲ. ಹೆಚ್ಚಿಗೆ ಹೋದ 20,000ವನ್ನು ನಮ್ಮ ಸರ್ಕಾರ ಹಿಂತಿರುಗಿಸುವುದಿಲ್ಲ.

ಅಲ್ಲಿಯೂ ಎಚ್ಚರ ಬೇಕು. ಆ ದೇಶದ ಪೌರತ್ವವಾಗಲಿ ಹಸಿರು ಚೀಟಿಯಾಗಲಿ ಇಲ್ಲದೆ ಮರಳಿದವರು, ಖರ್ಚು ಕಳೆದ ಆದಾಯದ ಮೇಲೆ ತೆರಿಗೆ ಹಾಕಿರೆಂದು ಅರಿಕೆ ಮಾಡಿಕೊಳ್ಳದಿದ್ದರೆ, ಪೂರ್ತಿ ಬಾಡಿಗೆಯ ಮೇಲೆಯೇ ನೂರಕ್ಕೆ 30 ತೆರಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಮುಚ್ಚಿಡದಿರುವುದು. ಬಿಡುವು ಕಳೆದ ನಿವಾಸಿಯು ತೆರಿಗೆ ಬಾಕಿಯಿಲ್ಲದಿದ್ದರೂ ಆ ಮನೆಯನ್ನು ವಾರ್ಷಿಕ ತೆರಿಗೆ ವಿವರಣೆಯಲ್ಲಿ ಕಾಣಿಸಬೇಕು. ಕಾಣಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಅಲ್ಲಿ ಕಟ್ಟಿದ ತೆರಿಗೆಯ ರಶೀತಿ, ಬಾಡಿಗೆಯ ಕರಾರುಪತ್ರ, ಪಾಸ್‌ಪೋರ್ಟು, ಈ ಮೂರನ್ನೂ ಜೋಪಾನವಾಗಿಟ್ಟು, ಬಲ್ಲ ಆಡಿಟರನ್ನು ಮೊದಲೇ ಕಾಣುವುದು ಲೇಸು.

ನನ್ನ ಶಿಷ್ಯ ಈಗ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ದಿನಗಳನ್ನು ಎಣಿಸುತ್ತಿದ್ದಾನೆ.